ಎರಡು ಹಾಳೆ ಮೇಲೆ ನಾಲ್ಕು ಬೆರಳು

ಟೇಪಕ್ಕನಿಗೆ ಆ ಹೆಸರನ್ನು ಯಾರು ಇಟ್ಟರೋ ಅವಳಿಗೇ ನೆನಪಿಲ್ಲ. ಅಮ್ಮನ ಜೊತೆ ಅಳತೆ ಕೊಡಲು ಬಂದ ಯಾವುದೋ ಮಗು ಹಾಗೆ ಕರೆದಿರಬೇಕು. ಬೆಳಿಗ್ಗೆ ಅಂಗಡಿ ತೆಗೆದಾಗಿನಿಂದ ಮುಚ್ಚುವವರೆಗೆ ಅವಳ ಕೊರಳಲ್ಲಿ ಹಳದಿ ಟೇಪು ನೇತಾಡುತ್ತಿತ್ತು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ತಮ್ಮನ ಮದುವೆಯ ಫೋಟೋದಲ್ಲಿ ಉಳಿದ ಹೆಂಗಸರ ಕೊರಳಲ್ಲಿ ಸರ ಇದ್ದರೆ ಇವಳ ಕೊರಳಲ್ಲಿ ಟೇಪು.

ಸೈಕಲ್ ರಿಪೇರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಇತ್ತು ಅವಳ ಹೊಲಿಗೆ ಅಂಗಡಿ. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರ ಎರಡು ಕಾಲಿನ ಬಲವನ್ನೂ ತೆಗೆದುಕೊಂಡು ಹೋಗಿತ್ತು. ಆದರೆ ಆ ಅಂಗಡಿಯೊಳಗೆ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಬಾಗಿಲಿನ ಹೊಸ್ತಿಲು ಕೀಳಿಸಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಕಾಲುಗಳನ್ನು ಬಡಗಿಯ ಕೈಯಲ್ಲಿ ಒಂದು ಗೇಣು ಕೊಯ್ಯಿಸಿದ್ದಳು. ಕರೆಂಟಿನ ಮಿಷನ್ನಿನ ಪೆಡಲನ್ನು ನೆಲದಿಂದ ಎತ್ತಿ ಮೇಜಿನ ಮೇಲೆ ಇಟ್ಟುಕೊಂಡು ಎಡ ಮೊಣಕೈಯಲ್ಲಿ ಒತ್ತುತ್ತಿದ್ದಳು. ಬೀರು, ಗೂಟ, ಕನ್ನಡಿ ಎಲ್ಲವೂ ಗಾಲಿಕುರ್ಚಿಯಲ್ಲಿ ಕೂತವಳ ಕೈಗೆ ಎಟುಕುವ ಎತ್ತರದಲ್ಲಿ. ಉದ್ದನೆಯ ಗಿರಾಕಿಗಳು ಕನ್ನಡಿಯಲ್ಲಿ ತಮ್ಮ ಮುಖ ಕಾಣುವುದಿಲ್ಲ ಎಂದು ಗೊಣಗಿದರೆ, "ಸ್ವಲ್ಪ ಬಗ್ಗಿ, ಏನೂ ಸವೆದು ಹೋಗಲ್ಲ" ಎನ್ನುತ್ತಿದ್ದಳು.

ಹನ್ನೆರಡು ವರ್ಷಗಳಲ್ಲಿ ಅರುವತ್ತಕ್ಕೂ ಹೆಚ್ಚು ಹೆಂಗಸರಿಗೆ ಅಲ್ಲೇ ಕತ್ತರಿ ಹಿಡಿಯುವುದನ್ನು ಕಲಿಸಿದ್ದಳು. ಹಾಗಾಗಿ ಊರಿನಲ್ಲಿ ಹೊಸದಾಗಿ ಹೊಲಿಗೆ ಶಾಲೆ ಶುರುವಾದಾಗ ಅದರ ಮುಖ್ಯಸ್ಥರು ನೆಟ್ಟಗೆ ಅವಳ ಅಂಗಡಿಗೇ ಬಂದರು. "ಕಲಿಸೋಕೆ ನೀವೇ ಬರಬೇಕು. ಒಂದೇ ಒಂದು ತೊಡಕು, ಸರ್ಟಿಫಿಕೇಟ್ ಬೇಕು. ಪರೀಕ್ಷೆ ನಗರದಲ್ಲಿ, ಎರಡು ದಿನ" ಎಂದರು.

ಪರೀಕ್ಷೆಗೆ ಹೋದಳು, ನಪಾಸಾದಳು. ಅದು ಹೋದ ವರ್ಷದ ಮಾತು.

ಟೇಪಕ್ಕ ನಪಾಸಾಗುವುದೆಂದರೇನು ಎಂದು ಅವಳ ಹತ್ತಿರ ಕಲಿತ ಹೆಂಗಸರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ತೋಳಿನ ಸುತ್ತನ್ನು ತಪ್ಪಾಗಿ ಕತ್ತರಿಸಿದ್ದಳಂತೆ. ಹನ್ನೆರಡು ವರ್ಷದಿಂದ ಕಣ್ಣು ಮುಚ್ಚಿ ಕತ್ತರಿಸಿದ ಸುತ್ತು! ಯಾಕೆ ಹಾಗಾಯಿತು ಎಂದು ಕೇಳಿದವರಿಗೆ ಅವಳು, "ತಲೆನೋವಿತ್ತು" ಎಂದಷ್ಟೇ ಹೇಳಿದಳು. ತಲೆನೋವು ಯಾಕಿತ್ತು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಗ ಅವಳು ಉಳಿದಿದ್ದು ನಗರದಲ್ಲಿದ್ದ ದೊಡ್ಡಪ್ಪನ ಮನೆಯಲ್ಲಿ. ಮನೆ ಎರಡನೇ ಮಹಡಿಯಲ್ಲಿತ್ತು. ದೊಡ್ಡಪ್ಪನ ಇಬ್ಬರು ಗಂಡುಮಕ್ಕಳು ಅವಳನ್ನು ಕುರ್ಚಿಯಿಂದ ಎತ್ತಿ, ಒಬ್ಬ ತೋಳು ಹಿಡಿದು ಇನ್ನೊಬ್ಬ ಮೊಣಕಾಲು ಹಿಡಿದು, ಮೂಟೆ ಸಾಗಿಸಿದ ಹಾಗೆ ಮೇಲಕ್ಕೆ ಸಾಗಿಸಿದರು. ಮೆಟ್ಟಿಲಿನ ತಿರುವಿನಲ್ಲಿ ದೊಡ್ಡವನು, "ಅಕ್ಕಾ, ಊಟ ಸ್ವಲ್ಪ ಕಮ್ಮಿ ಮಾಡೇ" ಎಂದು ನಕ್ಕ. ಅವಳೂ ನಕ್ಕಳು, ಬೀಳಿಸಿಯಾರೆಂಬ ಹೆದರಿಕೆಯಲ್ಲಿ. ಅಲ್ಲಿನ ಬಚ್ಚಲಿನ ಬಾಗಿಲು ಇಪ್ಪತ್ತೆರಡು ಇಂಚು. ಅವಳ ಕುರ್ಚಿ ಗಾಲಿಯ ಅಂಚಿನಿಂದ ಅಂಚಿಗೆ ಇಪ್ಪತ್ತೈದು. ಒಂದೊಂದು ಸಲ ಹೋಗಬೇಕೆಂದರೂ ದೊಡ್ಡಮ್ಮನನ್ನು ಕರೆಯಬೇಕು, ದೊಡ್ಡಮ್ಮ ಸೊಂಟ ಹಿಡಿದುಕೊಂಡು ಸೊಸೆಯನ್ನು ಕರೆಯಬೇಕು. ಮೊದಲ ದಿನ ಮಧ್ಯಾಹ್ನವೇ ಟೇಪಕ್ಕ ಒಂದು ತೀರ್ಮಾನಕ್ಕೆ ಬಂದಳು: ನೀರು ಕುಡಿಯುವುದಿಲ್ಲ. ಬೇಸಿಗೆಯಲ್ಲಿ ಎರಡೂವರೆ ದಿನ ತುಟಿ ಒದ್ದೆ ಮಾಡಿಕೊಂಡು ಕಳೆದಳು. ಪರೀಕ್ಷೆಯ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎರಡೆರಡಾಗಿ ಕಾಣತೊಡಗಿದಾಗ, ಯಾವುದು ನಿಜವಾದ ಗೆರೆ ಎಂದು ಊಹಿಸಿ ಕತ್ತರಿ ಹಾಕಿದ್ದಳು.

ಈ ವರ್ಷ ಪರೀಕ್ಷೆಯ ಕಾಗದ ಬಂದ ದಿನವೇ ಅವಳು ಮನೆಯಲ್ಲಿ ಹೇಳಿಬಿಟ್ಟಳು. "ನಾನು ಹೋಟೆಲಲ್ಲಿ ಇರ್ತೀನಿ. ಒಬ್ಬಳೇ."

ತಮ್ಮ ತಟ್ಟೆಯಿಂದ ತಲೆ ಎತ್ತಿದ. "ಸ್ವಂತದವರು ಊರಲ್ಲಿರೋವಾಗ ಹೋಟೆಲಾ? ದೊಡ್ಡಪ್ಪ ಏನಂದ್ಕೋತಾರೆ?"

"ಏನು ಬೇಕಾದ್ರೂ ಅಂದ್ಕೊಳ್ಳಲಿ. ಪರೀಕ್ಷೆ ನಾನು ಬರೀತಿರೋದು, ದೊಡ್ಡಪ್ಪ ಅಲ್ಲ."

"ಹಾಗಾದ್ರೆ ನಾನಾದ್ರೂ ಬರ್ತೀನಿ. ಎತ್ತಿ ಇಳಿಸೋಕೆ ಯಾರಾದ್ರೂ ಬೇಕಲ್ಲ."

"ಅದೇ ಬೇಡ ಅಂತಿರೋದು ಕಣೋ. ನನ್ನನ್ನ ಯಾರೂ ಎತ್ತಬಾರದು. ಯಾರೂ ಎತ್ತಬೇಕಾಗಿಲ್ಲದ ಜಾಗ ಹುಡುಕ್ತೀನಿ."

ಅಮ್ಮ ನಿಟ್ಟುಸಿರುಬಿಟ್ಟಳು. "ಎಲ್ಲದಕ್ಕೂ ಕಾಲು ಕೆರ್ಕೊಂಡು ಜಗಳಕ್ಕೆ ಹೋಗ್ತೀಯಲ್ಲೇ."

"ನಾನಾ? ಕಾಲು ಕೆರ್ಕೊಂಡಾ?" ಎಂದು ಟೇಪಕ್ಕ ತನ್ನ ಕಾಲುಗಳನ್ನೊಮ್ಮೆ ನೋಡಿ ಅಮ್ಮನನ್ನು ನೋಡಿದಳು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಂಚಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಎದ್ದುಹೋದಳು. ಅಲ್ಲಿಗೆ ಒಪ್ಪಿಗೆ ಸಿಕ್ಕಿದಂತೆಯೇ.

ಮರುದಿನದಿಂದ ಹುಡುಕಾಟ. ಪರೀಕ್ಷೆಯ ಕಟ್ಟಡದ ಆಸುಪಾಸಿನ ಹೋಟೆಲುಗಳ ಫೋನ್ ನಂಬರುಗಳನ್ನು ತಮ್ಮ ಬರೆದುಕೊಟ್ಟ. ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಒಂದೊಂದಕ್ಕೇ ಮಾಡುತ್ತ ಹೋದಳು.

"ಎಲ್ಲಾ ಸೌಕರ್ಯ ಇದೆ ಮೇಡಂ."

"ಬಾತ್‌ರೂಮಿನ ಬಾಗಿಲು ಎಷ್ಟು ಇಂಚು?"

"ದೊಡ್ಡದಾಗಿದೆ ಮೇಡಂ. ಆನೆ ಹೋಗುತ್ತೆ."

"ಆನೆ ಬರ್ತಿಲ್ಲ, ನಾನು ಬರ್ತಿದ್ದೀನಿ. ಇಂಚು ಹೇಳಿ."

ಫೋನು ಕಟ್ಟಾಯಿತು. ಇನ್ನೊಂದು ಕಡೆ ಜೊತೆಗೆ ಯಾರು ಬರುತ್ತಾರೆಂದು ಕೇಳಿದರು. ಒಬ್ಬಳೇ ಎಂದಾಗ, ಏನಾದರೂ ಆದರೆ ಜವಾಬ್ದಾರಿ ಯಾರದು ಎಂದರು. "ನನಗೆ ಏನಾದ್ರೂ ಆದ್ರೆ ನನ್ನದೇ. ನಿಮಗೆ ಏನಾದ್ರೂ ಆದ್ರೆ ನಿಮ್ಮದು" ಎಂದು ಅವಳೇ ಇಟ್ಟಳು. ಮತ್ತೊಂದು ಕಡೆ ಲಿಫ್ಟ್ ಇತ್ತು, ಆದರೆ ಲಿಫ್ಟಿಗೆ ಹೋಗಲು ಆರು ಮೆಟ್ಟಿಲು ಹತ್ತಬೇಕಿತ್ತು. ತಮ್ಮ ಮೊಬೈಲಿನಲ್ಲಿ ಒಂದು ದೊಡ್ಡ ಹೋಟೆಲನ್ನು ತೋರಿಸಿ, "ನೋಡು, ಗಾಲಿಕುರ್ಚಿ ಚಿತ್ರಾನೇ ಹಾಕಿದ್ದಾರೆ" ಎಂದು ಉಬ್ಬಿದ. ಫೋನು ಮಾಡಿ ವಿಚಾರಿಸಿದರೆ, ಅವರ ಉಗ್ರಾಣದಲ್ಲಿ ಒಂದು ಗಾಲಿಕುರ್ಚಿ ಇದೆಯಂತೆ, ಅದಕ್ಕೇ ಆ ಚಿತ್ರ. "ಕುರ್ಚಿ ನನ್ನ ಹತ್ರಾನೂ ಇದೆಯಪ್ಪಾ. ಅದು ಹೋಗೋ ರೂಮು ಬೇಕು" ಎಂದಳು.

ಹತ್ತು ಹೋಟೆಲು ಆಯಿತು. ಹನ್ನೊಂದನೆಯದಕ್ಕೆ ಮಾಡಿದಾಗ ಗಂಟಲು ಕಟ್ಟಿದಂಥ ದನಿಯ ಹೆಂಗಸೊಬ್ಬಳು ಎತ್ತಿಕೊಂಡಳು. ಇಂಚು ಎಷ್ಟೆಂದು ಕೇಳಿದಾಗ, "ಗೊತ್ತಿಲ್ಲ" ಎಂದಳು.

ಆ ಒಂದು ಮಾತಿಗೇ ಟೇಪಕ್ಕನಿಗೆ ಅವಳು ಇಷ್ಟವಾದಳು. ಹತ್ತು ಜನರಲ್ಲಿ ಒಬ್ಬರಾದರೂ ಗೊತ್ತಿಲ್ಲ ಎಂದಿರಲಿಲ್ಲ.

"ಅಳೆದು ನೋಡಿ ಹೇಳ್ತೀರಾ?"

"ಟೇಪ್ ಇಲ್ವಲ್ಲಮ್ಮಾ ಇಲ್ಲಿ."

"ಪ್ರಿಂಟ್ ಹಾಕೋ ಬಿಳಿ ಹಾಳೆ ಇದೆಯಾ? ಎರಡು ತಗೊಳ್ಳಿ. ಬಾಗಿಲಿನ ಅಗಲಕ್ಕೆ, ಹಾಳೆಯ ಉದ್ದ ಅಡ್ಡ ಬರೋ ಹಾಗೆ ಒಂದರ ಪಕ್ಕ ಒಂದು ಹಿಡೀರಿ. ಅದರ ಮೇಲೆ ಇನ್ನೂ ನಾಲ್ಕು ಬೆರಳು ಜಾಗ ಉಳೀಬೇಕು. ಉಳಿದ್ರೆ ನಾನು ಬರ್ತೀನಿ."

ಹತ್ತು ನಿಮಿಷ ಫೋನು ಹಾಗೇ ಇತ್ತು. ದೂರದಲ್ಲಿ ಚಪ್ಪಲಿ ಸದ್ದು, ಯಾರೋ ಯಾರನ್ನೋ ಕೂಗುವ ಸದ್ದು. ಆಮೇಲೆ ಏದುಸಿರು ಬಿಡುತ್ತ ಆ ದನಿ ಬಂತು. "ನೆಲಮಹಡೀಲಿ ಮೂರು ರೂಮಿದೆ. ಎರಡರಲ್ಲಿ ಬೆರಳೇ ಹಿಡಿಸಲ್ಲ. ಏಳನೇ ನಂಬರಲ್ಲಿ ಎರಡು ಹಾಳೆ ಮೇಲೆ ನಾಲ್ಕು ಬೆರಳು, ಸರಿಯಾಗಿ ಕೂತಿತು. ಆದ್ರೆ ಒಂದು ಮಾತು, ಮುಂದುಗಡೆ ಮೂರು ಮೆಟ್ಟಿಲಿದೆ. ಹಿಂದುಗಡೆ ಅಡುಗೆಮನೆಗೆ ತರಕಾರಿ ಗಾಡಿ ತಳ್ಳೋ ಇಳಿಜಾರಿದೆ. ಅಲ್ಲಿಂದ ಬರೋದು ನಿಮಗೆ ಬೇಜಾರಿಲ್ಲ ಅಂದ್ರೆ..."

"ನನ್ನ ಗಾಲಿ ಮೇಲೆ ನಾನು ಬರೋದಾದ್ರೆ ಎಲ್ಲಿಂದಾದ್ರೂ ಬರ್ತೀನಿ. ಬರ್ಕೊಳ್ಳಿ, ಏಳನೇ ನಂಬರು."

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ, ಪರಿಚಯದ ಬಾಡಿಗೆ ಕಾರಿನಲ್ಲಿ ಹೊರಟಳು. ಕುರ್ಚಿಗೂ ಕಾರಿನ ಸೀಟಿಗೂ ನಡುವೆ ಹಲಗೆಯೊಂದನ್ನು ಇಟ್ಟುಕೊಂಡು ಅದರ ಮೇಲೆ ಸರಿಯುತ್ತ ತಾನೇ ಹತ್ತಿದಳು. ನುಣ್ಣಗೆ ಉಜ್ಜಿದ, ಎರಡು ಅಡಿ ಉದ್ದದ ಆ ಹಲಗೆಯನ್ನು ಅವಳು ಎಲ್ಲಿಗೆ ಹೋದರೂ ಒಯ್ಯುತ್ತಿದ್ದಳು. ಅಮ್ಮ ಬಾಗಿಲಲ್ಲಿ ನಿಂತು ಕೈ ಬೀಸಿದಳು. ತಮ್ಮ ಮುಖ ಊದಿಸಿಕೊಂಡೇ ಕುರ್ಚಿ ಮಡಚಿ ಡಿಕ್ಕಿಗೆ ಹಾಕಿದ.

ಹನ್ನೊಂದು ಗಂಟೆಗೆ ಹೋಟೆಲಿನ ಹಿಂಬಾಗಿಲಿನಿಂದ, ಈರುಳ್ಳಿ ಹೆಚ್ಚುತ್ತಿದ್ದ ಅಡುಗೆಯವರ ನಡುವೆ ಹಾದು, ಅವಳು ಮುಂದಿನ ಹಜಾರಕ್ಕೆ ಬಂದಾಗ ಕೌಂಟರಿನಲ್ಲಿ ಆ ಹೆಂಗಸಿರಲಿಲ್ಲ. ಮ್ಯಾನೇಜರ್ ಇದ್ದ. ಅಂಗಿಗೆ ಇಸ್ತ್ರಿ ಗರಿಗರಿ, ಆದರೆ ಕಾಲರು ಒಂದು ಕಡೆ ವಾಲಿತ್ತು. ಅಂಥದ್ದೆಲ್ಲ ಟೇಪಕ್ಕನ ಕಣ್ಣಿಗೆ ಮೊದಲು ಬೀಳುತ್ತಿತ್ತು.

"ಏಳನೇ ನಂಬರು ನಿನ್ನೆ ಸಂಜೆ ಒಬ್ಬರಿಗೆ ಕೊಟ್ಟಾಯ್ತು ಮೇಡಂ. ಅವರು ಇನ್ನೂ ಎರಡು ದಿನ ಇರ್ತಾರಂತೆ. ನೀವೇನೂ ಯೋಚನೆ ಮಾಡ್ಬೇಡಿ. ಮೇಲ್ಗಡೆ ಇದಕ್ಕಿಂತ ಚೆನ್ನಾಗಿರೋ ರೂಮಿದೆ, ಕಿಟಕಿ ಇದೆ. ನಮ್ಮವರು ಇಬ್ಬರು ಎರಡೇ ನಿಮಿಷದಲ್ಲಿ ಎತ್ತಿಕೊಂಡು..."

"ಎತ್ತೋದು ಬೇಡ."

"ಜೋಪಾನವಾಗಿ ಮೇಡಂ, ಹೂವಿನ ಹಾಗೆ."

"ಹೂವಿನ ಹಾಗೂ ಬೇಡ, ಮೂಟೆ ಹಾಗೂ ಬೇಡ. ನಾನು ಏಳನೇ ನಂಬರು ಬುಕ್ ಮಾಡಿದ್ದು. ಪುಸ್ತಕದಲ್ಲಿ ನೋಡಿ."

ನೋಡಿದ. ಇತ್ತು. ತಲೆ ಕೆರೆದುಕೊಂಡ. "ಬೇರೆ ಹೋಟೆಲಿಗೆ ನಾನೇ ಫೋನ್ ಮಾಡಿ ಕೇಳ್ತೀನಿ."

"ಹತ್ತು ಹೋಟೆಲಿಗೆ ನಾನೇ ಮಾಡಿದ್ದೀನಿ. ನಿಮ್ಮದು ಹನ್ನೊಂದನೇದು. ಇನ್ನು ಫೋನ್ ಮಾಡೋಕೆ ನನಗೆ ಕಿವಿ ಉಳಿದಿಲ್ಲ."

"ನಾನೇನು ಮಾಡ್ಲಿ ಹೇಳಿ? ಒಳಗಿರೋ ಗಿರಾಕೀನ ಎಬ್ಬಿಸಿ ಕಳಿಸೋಕಾಗುತ್ತಾ?"

"ಅದು ನಿಮ್ಮ ತಲೆಬಿಸಿ. ನಾನು ಕಾಯ್ತೀನಿ."

ಕಾಯುವುದೆಂದರೆ ಮೂಲೆಯ ಸೋಫಾದ ಪಕ್ಕದಲ್ಲಲ್ಲ. ಹಜಾರದ ನಟ್ಟನಡುವೆ, ಕೌಂಟರಿಗೂ ಮೆಟ್ಟಿಲಿಗೂ ನಡುವೆ, ಬರುವವರು ಹೋಗುವವರು ಸುತ್ತುಹಾಕಿಯೇ ಹೋಗಬೇಕಾದ ಕಡೆ ಕುರ್ಚಿ ನಿಲ್ಲಿಸಿ ಬ್ರೇಕು ಹಾಕಿದಳು. ಚೀಲದಿಂದ ಒಂದು ತುಂಡು ಬಟ್ಟೆ, ಸೂಜಿ, ದಾರ ತೆಗೆದಳು. ಪರೀಕ್ಷೆಯಲ್ಲಿ ಕಾಜಾ ಹೊಲಿಯುವುದಿತ್ತು. ಅಭ್ಯಾಸವಾದರೂ ಆಗಲಿ ಎಂದು ಅಂಗಿಯ ಗುಂಡಿ ತೂರುವ ಸಣ್ಣ ಸಣ್ಣ ಕಾಜಾಗಳನ್ನು ಒಂದರ ಕೆಳಗೊಂದು ಹೊಲಿಯುತ್ತ ಕೂತಳು.

ಮೆಟ್ಟಿಲಿಳಿದು ಬಂದ ದಂಪತಿ ದಾರಿ ಬಿಡುವಳೇನೋ ಎಂದು ನಿಂತರು. "ಏನಾದ್ರೂ ಸಹಾಯ ಬೇಕಾ?" ಎಂದು ಹೆಂಡತಿ ಕೇಳಿದಳು.

"ಬೇಡಮ್ಮ. ಏಳನೇ ನಂಬರು ನಾನು ಬುಕ್ ಮಾಡಿದ್ದೆ. ಬೇರೆಯವರಿಗೆ ಕೊಟ್ಟುಬಿಟ್ಟಿದ್ದಾರೆ. ಅದಕ್ಕೆ ಕಾಯ್ತಿದ್ದೀನಿ."

ಅವಳು ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ. ಕೇಳಿದವರಿಗೆಲ್ಲ ಅದೇ ಮೂರು ಮಾತು. ಮಧ್ಯಾಹ್ನದ ಊಟಕ್ಕೆ ಬಂದವರು ಕೇಳಿದರು, ಅಂಚೆ ಕೊಡಲು ಬಂದವನು ಕೇಳಿದ, ನೀರಿನ ಕ್ಯಾನು ಹೊತ್ತು ತಂದವನು ಕ್ಯಾನು ಇಳಿಸಿ ನಿಂತು ಪೂರ್ತಿ ಕೇಳಿಸಿಕೊಂಡು, ಮ್ಯಾನೇಜರನ ಕಡೆ ಒಂದು ನೋಟ ಹಾಕಿ ಹೋದ. ಪ್ರತಿ ಸಲ ಮ್ಯಾನೇಜರ್ ಕಂಪ್ಯೂಟರಿನೊಳಗೆ ಮುಖ ಹುದುಗಿಸುತ್ತಿದ್ದ. ಎರಡು ಗಂಟೆಗೆ ಬಂದು, "ಮೇಡಂ, ಆ ಕಡೆಗಾದ್ರೂ ಕೂತ್ಕೊಳ್ಳಿ, ನೋಡಿದವರು ಏನಂತಾರೆ" ಎಂದ.

"ಏನಂತಾರೆ ಅಂತ ನಾನೂ ಅದನ್ನೇ ಕಾಯ್ತಿದ್ದೀನಿ."

ಹೇಳಿದಷ್ಟು ಧೈರ್ಯ ಒಳಗಿರಲಿಲ್ಲ. ಬೆನ್ನು ಹಿಡಿದುಕೊಂಡಿತ್ತು. ಅಮ್ಮ ಕಟ್ಟಿಕೊಟ್ಟ ಬುತ್ತಿ ತಿಂದಿದ್ದಳು, ಆದರೆ ನೀರಿನ ಬಾಟಲಿಯನ್ನು ಮುಟ್ಟಿರಲಿಲ್ಲ. ಗಂಟಲು ಒಣಗಿದಾಗ ಹೋದ ವರ್ಷದ ಎರಡೆರಡು ಗೆರೆಗಳು ಕಣ್ಣ ಮುಂದೆ ಬಂದವು. ಹೂಂ ಎಂದುಬಿಟ್ಟರೆ ಎರಡು ನಿಮಿಷದಲ್ಲಿ ಮೇಲೆ ಮಲಗಿರಬಹುದಿತ್ತು. ಆದರೆ ಆಮೇಲೆ ಪ್ರತಿ ಸಲ ಇಳಿಯಲು ಹತ್ತಲು ಇವರನ್ನೇ ಕೂಗಬೇಕು, ಅಲ್ಲಿನ ಬಚ್ಚಲಿನ ಬಾಗಿಲು ಎಷ್ಟು ಇಂಚೋ ಯಾರೂ ಅಳೆದಿರಲಿಲ್ಲ. ಹದಿನಾಲ್ಕನೇ ಕಾಜಾಕ್ಕೆ ದಾರ ಪೋಣಿಸಿದಳು.

ಮೂರು ಗಂಟೆಗೆ ಫೋನಿನ ಹೆಂಗಸು ಕೆಲಸಕ್ಕೆ ಬಂದಳು. ಐವತ್ತು ದಾಟಿದವಳು, ದಪ್ಪ ಕನ್ನಡಕ. ಗಾಲಿಕುರ್ಚಿ ಕಂಡವಳೇ, "ಬಂದ್ರಾ? ರೂಮು ಸರಿಯಾಯ್ತಾ?" ಎಂದು ಓಡಿಬಂದಳು. ವಿಷಯ ತಿಳಿಯುತ್ತಲೇ ಅವಳ ಮುಖ ಕೆಂಪಾಯಿತು.

"ಹಾಳೆ ಹಿಡ್ಕೊಂಡು ಅಳೆದು ಕೊಟ್ಟ ರೂಮು ಸರ್ ಅದು! ಕೆಂಪು ಪೆನ್ನಲ್ಲಿ ಬರೆದಿದ್ದೆ."

"ಗಿರಾಕಿ ಬಂದು ನಿಂತಿದ್ರಮ್ಮ, ಖಾಲಿ ಇತ್ತು, ಕೊಟ್ಟೆ. ಈಗ ಒಳಗಿರೋ ಗಿರಾಕಿಗೆ ತೊಂದರೆ ಕೊಡೋದಾ?"

"ಇವರು ಗಿರಾಕಿ ಅಲ್ವಾ? ಹೋಗಲಿ, ಒಳಗಿರೋರನ್ನ ಒಂದು ಮಾತು ಕೇಳಿದ್ರಾ?"

ಮ್ಯಾನೇಜರ್ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. ಕೇಳಿರಲಿಲ್ಲ. ನಾಲ್ಕು ಗಂಟೆ ಹೊತ್ತು ಆಗುವುದಿಲ್ಲ ಎನ್ನುತ್ತಿದ್ದವನು, ಆಗುತ್ತದೆಯೇ ಎಂದು ಯಾರನ್ನೂ ಕೇಳಿಯೇ ಇರಲಿಲ್ಲ. ಟೇಪಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು, ಬ್ರೇಕು ತೆಗೆದಳು. "ಮೇಡಂ, ಮೇಡಂ" ಎಂಬ ಕೂಗನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಕಾರಿಡಾರಿನ ಕೊನೆಯವರೆಗೆ ಹೋಗಿ ಏಳನೇ ನಂಬರಿನ ಬಾಗಿಲು ತಟ್ಟಿದಳು.

ಬನಿಯನ್ನು ಹಾಕಿಕೊಂಡ, ಅರ್ಧ ಗಡ್ಡ ಬೋಳಿಸಿಕೊಂಡ ಔಷಧಿ ಕಂಪನಿಯ ಸೇಲ್ಸ್‌ಮನ್ ಬಾಗಿಲು ತೆರೆದ. ಉಳಿದರ್ಧ ಕೆನ್ನೆಯಲ್ಲಿ ನೊರೆ ಇತ್ತು.

"ಈ ರೂಮು ನಾನು ಹದಿನೈದು ದಿನದ ಹಿಂದೆ ಬುಕ್ ಮಾಡಿದ್ದು. ಬೆಳಿಗ್ಗೆ ಹನ್ನೊಂದರಿಂದ ಹಜಾರದಲ್ಲಿ ಕಾಯ್ತಿದ್ದೀನಿ. ನೆಲಮಹಡೀಲಿ ನನ್ನ ಕುರ್ಚಿ ಹೋಗೋದು ಇದೊಂದೇ ಬಾಗಿಲಲ್ಲಿ. ನೀವು ಮೇಲಿನ ರೂಮಿಗೆ ಹೋಗ್ತೀರಾ ಅಂತ ಕೇಳೋಕೆ ಬಂದೆ."

ಅವನು ಅವಳನ್ನು, ಅವಳ ಹಿಂದೆ ಓಡಿಬಂದು ನಿಂತ ಮ್ಯಾನೇಜರನನ್ನು ನೋಡಿದ. "ಬೆಳಿಗ್ಗೇನೇ ಕೇಳಬಾರದಿತ್ತಾ ಮಾರಾಯ್ರೇ? ನಿನ್ನೆಯಿಂದ ಈ ಅಡುಗೆಮನೆ ಪಾತ್ರೆ ಸದ್ದಿಗೆ ನನಗೆ ಕಣ್ಣು ಮುಚ್ಚೋಕಾಗಿಲ್ಲ. ಮೇಲೆ ರೂಮಿಲ್ಲ ಅಂತ ಇವರೇ ಹೇಳಿದ್ರಲ್ಲ." ಆಮೇಲೆ ಅವಳ ಕಡೆ ತಿರುಗಿ ದನಿ ಮೆತ್ತಗೆ ಮಾಡಿ, "ಪಾಪ, ನೀವು ಅಷ್ಟೊತ್ತಿಂದ..." ಎಂದ.

"ಪಾಪ ಅನ್ನಬೇಡಿ ಸರ್, ಬುಕಿಂಗ್ ಅನ್ನಿ."

ಅವನು ನಕ್ಕುಬಿಟ್ಟ. ಹತ್ತು ನಿಮಿಷದಲ್ಲಿ ಪೆಟ್ಟಿಗೆ ಹಿಡಿದು, ನೊರೆ ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ಮೆಟ್ಟಿಲು ಹತ್ತಿದ.

ಇನ್ನೇನು ಎಲ್ಲ ಮುಗಿಯಿತು ಎಂದುಕೊಂಡರೆ ಬಾತ್‌ರೂಮಿನ ಬಾಗಿಲಲ್ಲಿ ಕುರ್ಚಿ ಕಚ್ಚಿಕೊಂಡಿತು. ಟೇಪಕ್ಕ ಕೊರಳಿನ ಟೇಪು ತೆಗೆದು ಅಳೆದಳು. ಚೌಕಟ್ಟು ಇಪ್ಪತ್ತಾರು ಇಂಚಿನ ಮೇಲೆ ಕಾಲು. ಆ ಹೆಂಗಸಿನ ಹಾಳೆಯ ಲೆಕ್ಕ ಸುಳ್ಳಾಗಿರಲಿಲ್ಲ. ಆದರೆ ಪೂರ್ತಿ ತೆರೆದರೂ ಬಾಗಿಲಿನ ದಪ್ಪ ಚೌಕಟ್ಟಿನೊಳಗೇ ನಿಂತು ಒಂದೂವರೆ ಇಂಚು ತಿಂದುಹಾಕಿತ್ತು. ಕುರ್ಚಿಗೆ ಕಾಲು ಇಂಚು ಕಮ್ಮಿ ಬಿತ್ತು. ಸಾಲದ್ದಕ್ಕೆ ಕೆಳಗೆ ಮೂರು ಬೆರಳೆತ್ತರದ ಹೊಸ್ತಿಲು.

ಫೋನಿನ ಹೆಂಗಸಿನ ಕಣ್ಣಲ್ಲಿ ನೀರು ತುಂಬಿತು. "ಬಾಗಿಲಿನ ದಪ್ಪ ನನ್ನ ತಲೆಗೇ ಹೊಳೀಲಿಲ್ಲಮ್ಮ."

"ನನಗೂ ಹೊಳೀಲಿಲ್ಲ. ಅಳತೆ ಹೇಳಿಕೊಟ್ಟವಳು ನಾನಲ್ವಾ" ಎಂದು ಟೇಪಕ್ಕ ಚೀಲಕ್ಕೆ ಕೈ ಹಾಕಿದಳು. ಮಿಷನ್ ಬಿಚ್ಚಲು ಇಟ್ಟುಕೊಂಡಿದ್ದ ಸ್ಕ್ರೂಡ್ರೈವರ್ ಹೊರಗೆ ಬಂತು. "ಬಾಗಿಲು ತೆಗೆಯೋಣ."

ಮ್ಯಾನೇಜರ್ ಬೆಚ್ಚಿಬಿದ್ದ. "ಬಾಗಿಲಿಲ್ಲದ ಬಾತ್‌ರೂಮಾ?"

"ರೂಮಲ್ಲಿ ಇರೋಳು ನಾನೊಬ್ಬಳೇ. ಯಾರಿಂದ ಮರೆ ಬೇಕು? ಹೋಗುವಾಗ ನಾನೇ ಹಾಕಿಕೊಟ್ಟು ಹೋಗ್ತೀನಿ, ನಿಮ್ಮ ಈ ಕಿರ್‌ಗುಟ್ಟೋ ತಿರುಗಣೆಗೆ ಎಣ್ಣೆ ಸಮೇತ."

ಕೆಳಗಿನ ತಿರುಗಣೆಯ ಸ್ಕ್ರೂಗಳನ್ನು ಟೇಪಕ್ಕ ತಿರುವಿದಳು. ಮೇಲಿನದಕ್ಕೆ ಫೋನಿನ ಹೆಂಗಸು ಸ್ಟೂಲು ಹತ್ತಿದಳು. ಹತ್ತಿದ ಮೇಲೆ ಇಳಿಯಲು ಹೆದರಿ ಮ್ಯಾನೇಜರನ ವಾಲಿದ ಕಾಲರನ್ನೇ ಹಿಡಿದುಕೊಂಡಳು. ಕಳಚಿದ ಬಾಗಿಲನ್ನು ಅವನೇ ಹೊತ್ತು ಗೋಡೆಗೆ ಒರಗಿಸಿದ. ಕಾರು ಹತ್ತುವ ಹಲಗೆಯನ್ನು ಹೊಸ್ತಿಲಿಗೆ ಅಡ್ಡ ಇಟ್ಟಾಗ ಅದೇ ಇಳಿಜಾರಾಯಿತು. ಕುರ್ಚಿ ಒಳಗೆ ಹೋಯಿತು, ತಿರುಗಿತು, ಹೊರಗೆ ಬಂತು. ಇಬ್ಬರನ್ನೂ ಕಳಿಸಿ ಚಿಲಕ ಹಾಕಿಕೊಂಡ ಮೇಲೆ ಟೇಪಕ್ಕ ಮೊದಲು ಮಾಡಿದ ಕೆಲಸವೆಂದರೆ ನೀರಿನ ಬಾಟಲಿಯನ್ನು ಎತ್ತಿ ಗಟಗಟನೆ ಕುಡಿದಿದ್ದು. ಅರ್ಧ ನೀರು ಕುತ್ತಿಗೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಆರು ಗಂಟೆಗೆ ಮತ್ತೆ ಬಾಗಿಲು ತಟ್ಟಿದ ಸದ್ದು. ದೊಡ್ಡಪ್ಪ. ತಮ್ಮ ಫೋನು ಮಾಡಿ ಹೇಳಿಬಿಟ್ಟಿದ್ದ. ಬಿಳಿ ಅಂಗಿಯ ತೋಳು ಮಡಚುತ್ತ ಒಳಗೆ ಬಂದವರು ಮಂಚದ ಅಂಚಿನಲ್ಲಿ ಕೂತರು. ಸಿಟ್ಟು ಮುಖದಲ್ಲೇ ಕಾಣುತ್ತಿತ್ತು.

"ನಮ್ಮ ಮನೆ ನಿನಗೆ ಬೇಡವಾಯ್ತೇನೇ? ನಿನ್ನ ದೊಡ್ಡಮ್ಮ ಬೆಳಿಗ್ಗೆಯಿಂದ ಊಟ ಬಿಟ್ಟು ಕೂತಿದ್ದಾಳೆ. ನಾವೇನು ತಪ್ಪು ಮಾಡಿದ್ವಿ? ಮಕ್ಕಳು ನಿನ್ನ ನೆಲಕ್ಕೆ ಬಿಡದ ಹಾಗೆ ನೋಡಿಕೊಳ್ಳಲಿಲ್ವಾ?" ಎನ್ನುತ್ತಿದ್ದವರು ಗೋಡೆಗೆ ಒರಗಿದ್ದ ಬಾಗಿಲನ್ನು ಕಂಡು ಮಾತು ನಿಲ್ಲಿಸಿದರು. "ಇದೇನಿದು, ಬಾಗಿಲು ಕಿತ್ತಿಟ್ಟಿದ್ದೀಯ?"

ಟೇಪಕ್ಕ ಕುರ್ಚಿಯನ್ನು ಅವರ ಎದುರಿಗೆ ತಿರುಗಿಸಿಕೊಂಡಳು. ಜಗಳವಾಡಬಹುದಾಗಿದ್ದರೆ ಸುಲಭವಿತ್ತು. ಮ್ಯಾನೇಜರನ ಜೊತೆ ಆಡಿದ ಮಾತು ದೊಡ್ಡಪ್ಪನ ಜೊತೆ ಆಡಲು ನಾಲಿಗೆ ಏಳಲಿಲ್ಲ. ಚಿಕ್ಕವಳಿದ್ದಾಗ ಅವಳ ಮೊದಲ ಕತ್ತರಿ ತಂದುಕೊಟ್ಟವರು ಅವರೇ.

"ದೊಡ್ಡಪ್ಪ, ಹೋದ ವರ್ಷ ನಿಮ್ಮ ಮನೇಲಿ ಎರಡೂವರೆ ದಿನ ನಾನು ನೀರು ಕುಡೀಲಿಲ್ಲ."

"ನೀರು ಕುಡೀಲಿಲ್ವಾ? ಯಾಕೆ? ಯಾರು ಬೇಡ ಅಂದ್ರು?"

"ಯಾರೂ ಅನ್ನಲಿಲ್ಲ. ಕುಡಿದ್ರೆ ಬಚ್ಚಲಿಗೆ ಹೋಗಬೇಕು. ಹೋಗಬೇಕು ಅಂದ್ರೆ ದೊಡ್ಡಮ್ಮನ್ನ ಕರೀಬೇಕು, ನಿಮ್ಮ ಸೊಸೆ ಮಾಡ್ತಿರೋ ಕೆಲಸ ಬಿಟ್ಟು ಬರಬೇಕು. ದಿನಕ್ಕೆ ಎಷ್ಟು ಸಲ ಕರೀಲಿ? ಅದಕ್ಕೇ ತಲೆ ಸುತ್ತಿ ತೋಳು ತಪ್ಪು ಕತ್ತರಿಸಿದೆ."

ದೊಡ್ಡಪ್ಪ ಬಾತ್‌ರೂಮಿನ ಖಾಲಿ ಚೌಕಟ್ಟನ್ನೇ ನೋಡುತ್ತ ಕೂತರು. "ಒಂದು ಮಾತು ಹೇಳಬಾರದಿತ್ತಾ?"

"ಹೇಳೋ ಹಾಗಿತ್ತಾ ದೊಡ್ಡಪ್ಪ? ನೀವೆಲ್ಲ ಅಷ್ಟು ಪ್ರೀತಿಯಿಂದ ಎತ್ತಿಕೊಂಡು ಓಡಾಡ್ತಿದ್ರಿ. ನನಗೆ ಎತ್ತಿಸಿಕೊಳ್ಳೋದು ಇಷ್ಟ ಇಲ್ಲ ಅಂತ ಹೇಗೆ ಹೇಳ್ಲಿ? ಈಗ ಹೇಳ್ತಿದ್ದೀನಿ. ನೀವು ಬೇಜಾರು ಮಾಡಿಕೊಂಡ್ರೂ ಸರಿ. ನನಗೆ ನಲವತ್ತಮೂರು ವರ್ಷ. ಇನ್ನು ಮೇಲೆ ಯಾರೂ ನನ್ನನ್ನ ಎತ್ತಬಾರದು."

ದೊಡ್ಡಪ್ಪ ಸುಲಭವಾಗಿ ಸೋಲುವ ಮನುಷ್ಯರಲ್ಲ. ಬೇಜಾರು ಹೋಗಲೂ ಇಲ್ಲ. ಎದ್ದು ನಿಂತು, "ನಿನ್ನ ದೊಡ್ಡಮ್ಮನಿಗೆ ಏನಂತ ಹೇಳಲಿ ಈಗ?" ಎಂದು ತಮಗೆ ತಾವೇ ಕೇಳಿಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಅವಳ ಮಂಚದ ಪಕ್ಕದ ದೀಪದ ಸ್ವಿಚ್ಚು ಅವಳ ಕೈಗೆ ಎಟುಕುತ್ತದೆಯೇ ಎಂದು ಒತ್ತಿ ನೋಡಿ ಹೋದರು.

ಮರುದಿನ ಪರೀಕ್ಷೆಯ ಕೋಣೆಯಲ್ಲಿ ಗೆರೆ ಒಂದೇ ಕಂಡಿತು. ಕೋಟು ಕತ್ತರಿಸುವ ಕೆಲಸವನ್ನು ಎಲ್ಲರಿಗಿಂತ ಮೊದಲು ಮುಗಿಸಿದಳು. ಎರಡನೇ ದಿನ ಹೊಲಿಯಲು ಕೂತಾಗ, ಪೆಡಲನ್ನು ಮೇಜಿನ ಮೇಲಿಟ್ಟು ಮೊಣಕೈಯಲ್ಲಿ ಒತ್ತುತ್ತಿರುವುದನ್ನು ಕಂಡ ಪರೀಕ್ಷಕರು ಬಂದು ನಿಂತರು.

"ನಿಮಗೆ ಕೋಟು ಬೇಡಮ್ಮ, ಕೈಹೊಲಿಗೆ ತೋರಿಸಿದ್ರೆ ಸಾಕು. ಪಾಸು ಮಾಡಿಸೋಣ. ಪೆಡಲು ಕಾಲಲ್ಲಿ ಒತ್ತಬೇಕು ಅಂತ ನಿಯಮ."

"ನಿಯಮದಲ್ಲಿ ಕಾಲು ಅಂತ ಬರೆದಿದ್ರೆ ತೋರಿಸಿ ಸರ್. ಕೋಟು ನಾನು ಪೂರ್ತಿ ಹೊಲೀತೀನಿ. ಹೊಲಿಗೆ ಸೊಟ್ಟಗಿದ್ರೆ ನಪಾಸು ಮಾಡಿ. ಹೋದ ಸಲ ಮಾಡಿದ್ರಲ್ಲ, ನಾನೇನು ಜಗಳಕ್ಕೆ ಬಂದ್ನಾ?"

ಪರೀಕ್ಷಕರು ನಿಯಮದ ಪುಸ್ತಕ ತರಿಸಿ ಹಾಳೆ ಮಗುಚಿದರು. ಕಾಲು ಎಂಬ ಮಾತೇ ಅದರಲ್ಲಿರಲಿಲ್ಲ. "ಮುಂದುವರಿಸಿ" ಎಂದು ಹೇಳಿ ಹೋದರು. ಸಂಜೆ ಅವಳ ಕೋಟಿನ ತೋಳನ್ನು ಒಳಗೆ ಹೊರಗೆ ತಿರುವಿ ನೋಡಿ, ಪಕ್ಕದವರಿಗೂ ತೋರಿಸಿದರು. ಪಾಸಾದವರ ಪಟ್ಟಿಯಲ್ಲಿ ಅವಳದು ಎರಡನೇ ಹೆಸರು. ಮೊದಲನೆಯವಳ ಕಾಲರನ್ನು ನೋಡಿದ ಮೇಲೆ ಟೇಪಕ್ಕನಿಗೂ ಅದು ನ್ಯಾಯವೆನಿಸಿತು.

ಹೊರಡುವ ಮುಂಚೆ ಮಾತಿನಂತೆ ಬಾಗಿಲು ಜೋಡಿಸಿ ಎಣ್ಣೆ ಬಿಟ್ಟಳು. ಮ್ಯಾನೇಜರ್ ಕ್ಷಮೆ ಕೇಳಲಿಲ್ಲ. ಅಷ್ಟು ಸುಲಭದ ಆಸಾಮಿಯಲ್ಲ. "ಮತ್ತೆ ಬರೋದಿದ್ರೆ ಮೊದಲೇ ತಿಳಿಸಿ" ಎಂದ. "ಮೊದಲೇ ತಿಳಿಸಿದ್ದೆ" ಎಂದು ಅವಳು ಅಡುಗೆಮನೆಯ ದಾರಿ ಹಿಡಿದಳು.

ಹೊಲಿಗೆ ಶಾಲೆಯಲ್ಲಿ ಅವಳು ಕಲಿಸತೊಡಗಿದ ಮರುವರ್ಷ, ಪರೀಕ್ಷೆಗೆ ಏಳು ಜನ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋಗಬೇಕಾಯಿತು. ನಾಲ್ಕು ರೂಮು ಬೇಕೆಂದು ಫೋನಿನ ಹೆಂಗಸಿಗೆ ಹೇಳಿದಾಗ ಆ ಕಡೆ ಮ್ಯಾನೇಜರನೇ ಫೋನು ಕಸಿದುಕೊಂಡ. ಮುಂದಿನ ಮೆಟ್ಟಿಲಿನ ಪಕ್ಕ ಸಿಮೆಂಟಿನ ಇಳಿಜಾರು ಕಟ್ಟಿಸಿದ್ದಾನಂತೆ, ಬಂದು ನೋಡಬೇಕಂತೆ. ಹೋಗಿ ನೋಡಿದರೆ ಅದು ಮಕ್ಕಳ ಜಾರುಬಂಡೆಯಷ್ಟು ಕಡಿದಾಗಿತ್ತು.

"ಇದರ ಮೇಲೆ ಹತ್ತಿದ್ರೆ ಹಿಂದಕ್ಕೆ ಉರುಳಿ ರಸ್ತೆಗೆ ಹೋಗ್ತೀನಿ. ಒಡೀರಿ ಇದನ್ನ."

"ಹೊಸ ಸಿಮೆಂಟು ಮೇಡಂ!"

"ಹಳೇದಾಗೋವರೆಗೂ ಕಾಯೋದು ಬೇಡ."

ಅದನ್ನು ಒಡೆದು, ಮೂರು ಪಟ್ಟು ಉದ್ದಕ್ಕೆ, ನಡುವೆ ಒಂದು ತಿರುವು ಕೊಟ್ಟು ಮತ್ತೆ ಕಟ್ಟಿಸಿದ. ಈಗ ಅದರ ಮೇಲೆ ಪೆಟ್ಟಿಗೆ ಎಳೆಯುವವರು ಬರುತ್ತಾರೆ, ಮಗುವಿನ ಗಾಡಿ ತಳ್ಳುವ ತಾಯಂದಿರು ಬರುತ್ತಾರೆ, ಮೊಣಕಾಲು ನೋವಿನ ದೊಡ್ಡಮ್ಮ ಕೂಡ ಪ್ರತಿ ವರ್ಷ ಪರೀಕ್ಷೆಯ ಹೊತ್ತಿಗೆ ಟೇಪಕ್ಕನನ್ನು ನೋಡಲು ಅದರ ಮೇಲೇ ಬರುತ್ತಾಳೆ. ಎಲ್ಲರೂ ಮ್ಯಾನೇಜರನನ್ನು ಹೊಗಳುತ್ತಾರೆ, ಅವನೂ ಬೀಗುತ್ತಾನೆ. ಟೇಪಕ್ಕನಿಗೆ ಅದರ ಬಗ್ಗೆ ತಕರಾರಿಲ್ಲ. ಅವಳ ಕಣ್ಣು ಈಗ ಕೌಂಟರಿನ ಮೇಲೆ ಬಿದ್ದಿದೆ. ಕುರ್ಚಿಯಲ್ಲಿ ಕೂತು ಸಹಿ ಹಾಕಲು ಅದು ಒಂದು ಗೇಣು ಹೆಚ್ಚು ಎತ್ತರವಿದೆ, ಬಡಗಿ ಎಲ್ಲಿ ಸಿಗುತ್ತಾನೆ ಎಂದು ಅವನನ್ನು ಕೇಳತೊಡಗಿದ್ದಾಳೆ.